ಹ್ಯಾಕಿಂಟಾಷ್ ಸ್ಲೀಪ್‌ಗೆ ಹೋದ ಎರಡೇ ಸೆಕೆಂಡಿಗೆ ಎದ್ದು ಕೂರುತ್ತದೆ (ಸಿಕ್ವೊಯಾ, ಬಿ460, ಆರ್‌ಎಕ್ಸ್ 580)

ದಾವಣಗೆರೆ_ಎಡಿಟರ್
ಎಲ್ಲರಿಗೂ ನಮಸ್ಕಾರ. ನನ್ನದು ಹ್ಯಾಕಿಂಟಾಷ್, ಅಂದರೆ ಮಾಮೂಲಿ ಪಿಸಿಯಲ್ಲಿ ಆಪಲ್‌ನ ಮ್ಯಾಕ್‌ಓಎಸ್ ಓಡಿಸುವ ಮೆಷಿನ್. ಮೊದಲು ಮೆಷಿನ್ ವಿವರ ಕೊಟ್ಟುಬಿಡುತ್ತೇನೆ, ಇಲ್ಲಾಂದ್ರೆ ಟರ್ಮಿನಲ್_ತಾತ ಬಯ್ಯುತ್ತಾರೆ. ಐ5-10400, ಬಿ460 ಬೋರ್ಡ್, 32 ಜಿಬಿ ರ‍್ಯಾಮ್, ಆರ್‌ಎಕ್ಸ್ 580 8 ಜಿಬಿ ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಎನ್‌ವಿಎಂಇ. ಬ್ಲೂಟೂತ್‌ಗೆ ಬ್ರಾಡ್‌ಕಾಮ್ ಚಿಪ್ಪಿನ ಪಿಸಿಐ ಕಾರ್ಡ್. ಬೂಟ್ ಮಾಡಿಸಲು ಓಪನ್‌ಕೋರ್, ಎಸ್‌ಎಂಬಯಾಸ್ (ಇದು ಯಾವ ಮ್ಯಾಕ್ ಅಂತ ಮ್ಯಾಕ್‌ಓಎಸ್‌ಗೆ ತೋರಿಸುವ ಗುರುತು) ಐಮ್ಯಾಕ್20,1. ಇನ್ನೊಂದು ಡಿಸ್ಕ್‌ನಲ್ಲಿ ವಿಂಡೋಸ್ ಇದೆ.

ನನ್ನ ಕೆಲಸ ಮದುವೆ ವಿಡಿಯೊ ಎಡಿಟಿಂಗ್, ಎಲ್ಲ ಫೈನಲ್ ಕಟ್‌ನಲ್ಲೇ. ಮ್ಯಾಕ್‌ಓಎಸ್‌ನ ಹಳೇ ಆವೃತ್ತಿ ವೆಂಚುರಾದಲ್ಲಿ ಈ ಮೆಷಿನ್ ಚೆನ್ನಾಗಿ ನಡೆಯುತ್ತಿತ್ತು. ಸಿಕ್ವೊಯಾಗೆ ಬಂದ ಮೇಲೆ ಸ್ಲೀಪ್ ಕೆಟ್ಟಿದೆ. ಆಪಲ್ ಮೆನುವಿನಲ್ಲಿ ಸ್ಲೀಪ್ ಒತ್ತಿದರೆ ಮಾನಿಟರ್ ಕಪ್ಪಾಗುತ್ತದೆ, ಫ್ಯಾನ್ ನಿಲ್ಲುತ್ತದೆ, ಪವರ್ ಬಟನ್ನಿನ ದೀಪ ಒಂದು ಸಲ ಮಿಟುಕುತ್ತದೆ, ತಕ್ಷಣ ಎಲ್ಲ ಫ್ಯಾನ್ ಮತ್ತೆ ಗುಂಯ್ ಅಂತ ಶುರು. ಎದ್ದ ಮೇಲೆ ಬ್ಲೂಟೂತ್ ಕೀಬೋರ್ಡ್ ಸಿಗುವುದಿಲ್ಲ, ರೀಸ್ಟಾರ್ಟ್ ಮಾಡಲೇಬೇಕು. ರಾತ್ರಿ ಹಾಗೇ ಬಿಟ್ಟು ಹೋದರೆ ಬೆಳಗ್ಗೆವರೆಗೂ ಆನ್ ಇರುತ್ತದೆ. ನಡುವೆ ಕರೆಂಟ್ ಹೋದರೆ ಯುಪಿಎಸ್ ಬೇರೆ ಕೂಗಿಕೊಂಡು ಮನೆಯವರನ್ನೆಲ್ಲ ಎಬ್ಬಿಸುತ್ತದೆ.

ಎನರ್ಜಿ ಸೆಟ್ಟಿಂಗ್ಸ್‌ನಲ್ಲಿ ಪವರ್ ನ್ಯಾಪ್, ನೆಟ್‌ವರ್ಕ್‌ನಿಂದ ಎಬ್ಬಿಸುವುದು ಎಲ್ಲ ಆಫ್ ಮಾಡಿ ನೋಡಿದೆ. ಬಯಾಸ್‌ನಲ್ಲಿ ವೇಕ್ ಆನ್ ಲ್ಯಾನ್ ಕೂಡ ಆಫ್. ಏನೂ ಬದಲಾಗಲಿಲ್ಲ. ಇದೇ ಚಿಪ್‌ಸೆಟ್ ಇರುವವರು ನಿಮ್ಮ ಇಎಫ್‌ಐ ಫೋಲ್ಡರ್ (ಓಪನ್‌ಕೋರ್ ಫೈಲ್‌ಗಳೆಲ್ಲ ಇರುವುದು) ಕಳಿಸಿದರೆ ಹಾಕಿ ನೋಡುತ್ತೇನೆ.

ಮಲ್ನಾಡ್_ಬಿಟ್ಸ್
ಹ್ಯಾಕಿಂಟಾಷ್ ತಾನೂ ಮಲಗಲ್ಲ, ಓನರ್‌ನೂ ಮಲಗಿಸಲ್ಲ. ಮನೆತನಕ್ಕೆ ಸ್ವಾಗತ.

ಟರ್ಮಿನಲ್_ತಾತ
ಬಯ್ಯುವುದಿಲ್ಲ, ವಿವರ ಸರಿಯಾಗಿಯೇ ಕೊಟ್ಟಿದ್ದೀರಿ. ಆದರೆ ಕೊನೆಯ ಸಾಲಿಗೆ ಬಯ್ಯಲೇಬೇಕು. ಬೇರೆಯವರ ಇಎಫ್‌ಐ ಕೇಳಬೇಡಿ, ಯಾರೂ ಕಳಿಸಲೂಬೇಡಿ. ಅದರ ಕಾನ್ಫಿಗ್ ಪ್ಲಿಸ್ಟ್ ಅನ್ನೋ ಸೆಟ್ಟಿಂಗ್ ಫೈಲ್ ಒಳಗೆ ಕಳಿಸಿದವರ ಸೀರಿಯಲ್ ನಂಬರ್ ಇರುತ್ತದೆ. ಒಂದೇ ಸೀರಿಯಲ್‌ನಲ್ಲಿ ಎರಡು ಮೆಷಿನ್ ಐಮೆಸೇಜ್‌ಗೆ ಲಾಗಿನ್ ಆದರೆ ಇಬ್ಬರಿಗೂ ತೊಂದರೆ. ಅದು ಬಿಡಿ, ಅವರ ಬೋರ್ಡಿನ ಯುಎಸ್‌ಬಿ ಪೋರ್ಟ್ ಜೋಡಣೆ ಬೇರೆ, ನಿಮ್ಮದು ಬೇರೆ. ಚಿಪ್‌ಸೆಟ್ ಒಂದೇ ಅಂದಮಾತ್ರಕ್ಕೆ ಬೋರ್ಡ್ ಒಂದೇ ಆಗುವುದಿಲ್ಲ.

ಈಗ ಸೆಟ್ಟಿಂಗ್ ಮುಟ್ಟುವುದನ್ನು ನಿಲ್ಲಿಸಿ. ಟರ್ಮಿನಲ್ ತೆರೆದು ಪಿಎಂಸೆಟ್ ಲಾಗ್ ತೆಗೆಯಿರಿ, ಅದರಲ್ಲಿ ವೇಕ್ ಅಂತ ಹುಡುಕಿ. ಪ್ರತಿ ಸಲ ಎದ್ದಾಗಲೂ ಯಾರು ಎಬ್ಬಿಸಿದ್ದು ಅಂತ ಅಲ್ಲೇ ಬರೆದಿರುತ್ತದೆ. ಆ ಸಾಲನ್ನು ಇಲ್ಲಿ ಹಾಕಿ.

ಬೂಟ್_ಲೂಪ್_ಬಸ್ಯಾ
ಅಣ್ಣ, ಇದು ಎನ್‌ವಿಎಂಇ ಸಮಸ್ಯೆ. ಕೆಲವು ಎಸ್‌ಎಸ್‌ಡಿ ಮ್ಯಾಕ್‌ಓಎಸ್‌ಗೆ ಆಗಿಬರಲ್ಲ. ಬದಲಾಯಿಸಿ ನೋಡಿ.

ಟರ್ಮಿನಲ್_ತಾತ
ಆಗಿಬರದ ಎಸ್‌ಎಸ್‌ಡಿ ಕರ್ನಲ್ ಪ್ಯಾನಿಕ್ ಕೊಡುತ್ತದೆ ಬಸ್ಯಾ, ಇಲ್ಲವೇ ಬೂಟ್ ಆಗಲು ಯುಗ ತೆಗೆದುಕೊಳ್ಳುತ್ತದೆ. ಇವರದ್ದು ಕ್ರ್ಯಾಶ್ ಅಲ್ಲ. ಯಾರೋ ತಟ್ಟಿ ಎಬ್ಬಿಸಿದ ಹಾಗೆ ಏಳುತ್ತಿದೆ. ಸುಮ್ನೆ ಒಬ್ಬರ ಕೈಯಲ್ಲಿ ಏಳೆಂಟು ಸಾವಿರ ಖರ್ಚು ಮಾಡಿಸಬೇಡ.

ಬೂಟ್_ಲೂಪ್_ಬಸ್ಯಾ
ಸಲಹೆ ಕೊಟ್ಟೆ ಅಷ್ಟೇ ತಾತ, ಕೊಡಲೇಬಾರದಾ?

ದಾವಣಗೆರೆ_ಎಡಿಟರ್
ಲಾಗ್ ತೆಗೆದೆ. ಪ್ರತಿ ಸಲವೂ ಒಂದೇ ಕಾರಣ: ಎಕ್ಸ್‌ಎಚ್‌ಸಿ. ಅದರ ಮುಂದೆ ಬೇರೇನೂ ಇಲ್ಲ. ಅಸರ್ಷನ್ಸ್ ಕೂಡ ನೋಡಿದೆ, ನಿದ್ದೆ ತಡೆಯುವ ಆ್ಯಪ್ ಯಾವುದೂ ಇಲ್ಲ.

ಕರಾವಳಿ_ಕೋಡರ್
ಎಕ್ಸ್‌ಎಚ್‌ಸಿ ಅಂದರೆ ಯುಎಸ್‌ಬಿ ಕಂಟ್ರೋಲರ್ ಮಾರಾಯ್ರೆ. ಯಾವುದೋ ಯುಎಸ್‌ಬಿ ಸಾಧನ ಎಬ್ಬಿಸುತ್ತಾ ಇದೆ. ಜಿಪಿಆರ್‌ಡಬ್ಲ್ಯು ಪ್ಯಾಚ್ ಹಾಕಿ, ಮುಗಿಯಿತು. ಎಸಿಪಿಐನಲ್ಲಿ (ಬೋರ್ಡ್ ತನ್ನ ಸಾಧನಗಳ ಬಗ್ಗೆ ಓಎಸ್‌ಗೆ ಕೊಡುವ ಪಟ್ಟಿ) ಆ ಮೆಥಡ್ ಹೆಸರನ್ನು ಎಕ್ಸ್‌ಪಿಆರ್‌ಡಬ್ಲ್ಯು ಅಂತ ಬದಲಿಸಿ, ಜತೆಗೆ ಎಸ್‌ಎಸ್‌ಡಿಟಿ-ಜಿಪಿಆರ್‌ಡಬ್ಲ್ಯು ಸೇರಿಸಿದರೆ ಯುಎಸ್‌ಬಿಗೆ ಎಬ್ಬಿಸುವ ಅಧಿಕಾರವೇ ಇರುವುದಿಲ್ಲ. ನನ್ನ ಮೆಷಿನ್‌ನಲ್ಲಿ ಅದೇ ಇದೆ, ಹೆಣದ ಹಾಗೆ ಮಲಗುತ್ತದೆ.

ಸೌಂಡ್_ಸೀನ
ಹೆಣದ ಹಾಗೆ ಮಲಗಿದ್ದನ್ನು ಎಬ್ಬಿಸೋದು ಹೇಗೆ ಅಂತಲೂ ಹೇಳಿ.

ಕರಾವಳಿ_ಕೋಡರ್
ಪವರ್ ಬಟನ್ ಒತ್ತುವುದು, ಅದರಲ್ಲಿ ಏನುಂಟು?

ಟರ್ಮಿನಲ್_ತಾತ
ಅದೇ ನನ್ನ ತಕರಾರು. ಆ ಪ್ಯಾಚ್ ಹಾಕಿದರೆ ಕೀಬೋರ್ಡ್, ಮೌಸ್ ಯಾವುದರಿಂದಲೂ ಏಳುವುದಿಲ್ಲ. ಅದಕ್ಕೆ ಮತ್ತೆ ಯುಎಸ್‌ಬಿ ವೇಕ್ ಫಿಕ್ಸಪ್ ಅಂತ ಇನ್ನೊಂದು ಕೆಕ್ಸ್ಟ್ (ಮ್ಯಾಕ್‌ಓಎಸ್‌ನ ಡ್ರೈವರ್ ಫೈಲ್) ಹಾಕಬೇಕು. ಯಾರು ಎಬ್ಬಿಸುತ್ತಿದ್ದಾರೆ ಅಂತ ಗೊತ್ತಾಗುವ ಮೊದಲೇ ಎಲ್ಲರ ಬಾಯಿ ಮುಚ್ಚಿಸಿದರೆ ನಾಳೆ ಬ್ಲೂಟೂತ್ ಯಾಕೆ ಮಾಯವಾಗುತ್ತದೆ ಅಂತ ಮತ್ತೆ ಇಲ್ಲಿಗೇ ಬರುತ್ತಾರೆ. ಆ ಎರಡೂ ಒಂದೇ ರೋಗದ ಲಕ್ಷಣ ಅಂತ ನನ್ನ ಅನುಮಾನ.

ಎಡಿಟರ್ ಅವರೇ, ಒಂದು ಪ್ರಶ್ನೆ. ಕ್ಯಾಬಿನೆಟ್ಟಿನ ಮುಂದಿನ ನೀಲಿ ಪೋರ್ಟ್‌ಗೆ ಕ್ಯಾಮೆರಾ ಕಾರ್ಡ್ ರೀಡರ್ ಹಾಕಿ ಫೈಲ್ ಎಳೆದರೆ ಎಷ್ಟು ವೇಗ ಬರುತ್ತದೆ?

ದಾವಣಗೆರೆ_ಎಡಿಟರ್
ಸರಿಯಾಗಿ ಕೇಳಿದಿರಿ ಸರ್. ಮ್ಯಾಕ್‌ನಲ್ಲಿ ಸೆಕೆಂಡಿಗೆ 40 ಎಂಬಿ ಆಸುಪಾಸು, ಅದಕ್ಕಿಂತ ಮೇಲೆ ಹೋಗಲ್ಲ. ಅದೇ ರೀಡರ್, ಅದೇ ಕಾರ್ಡ್, ವಿಂಡೋಸ್‌ನಲ್ಲಿ ಜಾಸ್ತಿ ಬರುತ್ತದೆ. ನಾನು ಮ್ಯಾಕ್‌ಓಎಸ್ ಇರೋದೇ ಹಾಗೆ ಅಂದುಕೊಂಡಿದ್ದೆ.

ಟರ್ಮಿನಲ್_ತಾತ
ಹಾಗಾದರೆ ಯುಎಸ್‌ಬಿ ಮ್ಯಾಪ್ ಮಾಡಿಯೇ ಇಲ್ಲ, ಅಂದರೆ ಯಾವ ಪೋರ್ಟ್ ಬಳಸಬೇಕು ಅಂತ ಮ್ಯಾಕ್‌ಓಎಸ್‌ಗೆ ಹೇಳಿಕೊಟ್ಟಿಲ್ಲ. 40 ಎಂಬಿ ಅನ್ನೋದು ಯುಎಸ್‌ಬಿ 2ರ ವೇಗ.

ಹೊಸಬರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮ್ಯಾಕ್‌ಓಎಸ್ ಒಂದು ಯುಎಸ್‌ಬಿ ಕಂಟ್ರೋಲರ್‌ಗೆ 15 ಪೋರ್ಟ್ ಮಾತ್ರ ಒಪ್ಪುತ್ತದೆ. ಕಣ್ಣಿಗೆ ಕಾಣುವ ಒಂದು ನೀಲಿ ಪೋರ್ಟ್ ಅದರ ಲೆಕ್ಕದಲ್ಲಿ ಎರಡು: ಯುಎಸ್‌ಬಿ 2ರ ತಂತಿಗೆ ಒಂದು ಎಚ್‌ಎಸ್ ನಂಬರ್, ಯುಎಸ್‌ಬಿ 3ರ ತಂತಿಗೆ ಒಂದು ಎಸ್‌ಎಸ್ ನಂಬರ್. ಮ್ಯಾಪ್ ಇಲ್ಲದಿದ್ದರೆ ಎಚ್‌ಎಸ್ ಸಾಲು ಮೊದಲು ತುಂಬಿಕೊಳ್ಳುತ್ತದೆ, ಎಸ್‌ಎಸ್ ಸಾಲು ಬಾಗಿಲಾಚೆ ಉಳಿಯುತ್ತದೆ. ಅದಕ್ಕೇ ನಿಮ್ಮ ನೀಲಿ ಪೋರ್ಟ್ ಹಳೇ ವೇಗದಲ್ಲಿ ಓಡುತ್ತಿರೋದು.

ಇನ್ನೊಂದು ವಿಷಯ. ಪ್ರತಿ ಪೋರ್ಟ್‌ಗೂ ಒಂದು ಟೈಪ್ ನಂಬರ್ ಇರುತ್ತದೆ. ಯುಎಸ್‌ಬಿ 2 ಆದರೆ 0, ಯುಎಸ್‌ಬಿ 3 ಆದರೆ 3, ಕ್ಯಾಬಿನೆಟ್ ಒಳಗೇ ಕಾಯಂ ಇರುವ ಸಾಧನಕ್ಕೆ 255. ಒಳಗಿನ ಸಾಧನವನ್ನು ಹೊರಗಿನದು ಅಂತ ತಿಳಿದರೆ ಮಲಗುವಾಗ ಮ್ಯಾಕ್‌ಓಎಸ್ ಎಡವುತ್ತದೆ. ನಿಮ್ಮ ಬ್ಲೂಟೂತ್ ಕಾರ್ಡ್ ಪಿಸಿಐ ಸ್ಲಾಟ್‌ನಲ್ಲಿ ಕೂತಿದ್ದರೂ ಅದರ ಬ್ಲೂಟೂತ್ ಭಾಗ ಒಂದು ಸಣ್ಣ ಕೇಬಲ್‌ನಲ್ಲಿ ಬೋರ್ಡಿನ ಯುಎಸ್‌ಬಿ ಹೆಡರ್‌ಗೇ (ಬೋರ್ಡಿನ ಮೇಲಿನ ಪಿನ್‌ಗಳ ಸಾಲು) ಹೋಗಿರುತ್ತದೆ.

ಕ್ಯಾಬಿನೆಟ್ ತೆಗೆದು ಹೆಡರ್‌ಗಳಿಗೆ ಏನೇನು ಚುಚ್ಚಿದೆ ಅಂತ ನೋಡಿ ಹೇಳಿ.

ಬೂಟ್_ಲೂಪ್_ಬಸ್ಯಾ
15ರ ಮಿತಿಗೆ ಓಪನ್‌ಕೋರ್‌ನಲ್ಲಿ ಎಕ್ಸ್‌ಎಚ್‌ಸಿಐ ಪೋರ್ಟ್ ಲಿಮಿಟ್ ಕ್ವಿರ್ಕ್ ಅನ್ನೋ ಸೆಟ್ಟಿಂಗ್ ಇದೆಯಲ್ಲ, ಅದನ್ನು ಆನ್ ಮಾಡಿದರೆ ಆಯ್ತಲ್ವಾ?

ಕರಾವಳಿ_ಕೋಡರ್
ಮ್ಯಾಕ್‌ಓಎಸ್ 11.3 ಬಂದಾಗಲೇ ಅದು ಸತ್ತುಹೋಯಿತು ಬಸ್ಯಾ. ಈಗ ಆನ್ ಮಾಡಿದರೆ ನಿನ್ನ ಹೆಸರೇ ಗತಿ.

ಮಲ್ನಾಡ್_ಬಿಟ್ಸ್
😂😂

ಸೇಬು_ಸುಬ್ಬಣ್ಣ
ಓದಿ ಓದಿ ತಲೆ ಬಿಸಿಯಾಯಿತು. ಸ್ವಾಮಿ, ಎಂ4 ಮ್ಯಾಕ್ ಮಿನಿ 2024ರಲ್ಲಿ ಬಂದಾಗಲೇ ಬೆಲೆ 59,900 ರೂಪಾಯಿ. 16 ಜಿಬಿ ರ‍್ಯಾಮ್, ಫೈನಲ್ ಕಟ್ ಬೆಣ್ಣೆಯ ಹಾಗೆ ಓಡುತ್ತದೆ, ಸ್ಲೀಪ್ ಅಂದರೆ ಸ್ಲೀಪ್. ನೀವೆಲ್ಲ ಇನ್ನೂ ಪೋರ್ಟ್ ಎಣಿಸುತ್ತಾ ಕೂತಿದ್ದೀರಿ. ಸಿಕ್ವೊಯಾ ನಂತರದ ಟಾಹೋನೇ ಇಂಟೆಲ್‌ಗೆ ಕೊನೆಯ ಮ್ಯಾಕ್‌ಓಎಸ್ ಅಂತ 2025ರ ಜೂನ್‌ನಲ್ಲಿ ಆಪಲ್‌ನವರೇ ಹೇಳಿಯಾಯಿತು. ಮುಳುಗುವ ಹಡಗಿಗೆ ಬಣ್ಣ ಯಾಕೆ?

ಸೌಂಡ್_ಸೀನ
ಬಂದರಪ್ಪಾ. ಪ್ರತಿ ಚರ್ಚೆಗೂ ಒಬ್ಬರು ಮಿನಿ ಮಾರೋರು ಬೇಕೇ ಬೇಕು.

ಮಲ್ನಾಡ್_ಬಿಟ್ಸ್
ಆಗ 59,900ಕ್ಕೆ ಸಿಗುತ್ತಿದ್ದದ್ದು 256 ಜಿಬಿ ಡಿಸ್ಕ್. ಒಂದು ಮದುವೆಯ ಫುಟೇಜ್ ಹಾಕಿದರೆ ತುಂಬುತ್ತದೆ. 512 ಬೇಕು ಅಂದರೆ 79,900 ಇತ್ತು. ಅದೇ ದುಡ್ಡಿಗೆ ಎಸ್‌ಪಿ ರೋಡಲ್ಲಿ ಎಷ್ಟು ಟಿಬಿ ಬರುತ್ತದೆ ಅಂತ ಒಮ್ಮೆ ವಿಚಾರಿಸಿ ಬನ್ನಿ.

ಸೇಬು_ಸುಬ್ಬಣ್ಣ
ಹೊರಗಿನ ಎಸ್‌ಎಸ್‌ಡಿ ಹಾಕಿಕೊಳ್ಳಬಹುದು. ಎಲ್ಲರೂ ಹಾಗೇ ಮಾಡೋದು. ಸಮಯಕ್ಕೆ ಬೆಲೆ ಇಲ್ಲವಾ? ಇವರು ಗಿರಾಕಿ ಕೆಲಸ ಮಾಡೋರು, ಆಲ್ಬಮ್ ಕೊಡೋ ದಿನ ಮೆಷಿನ್ ಕೈಕೊಟ್ಟರೆ ಏನು ಹೇಳ್ತಾರೆ?

ಡಿಟಿಪಿ_ಅಕ್ಕ
ಸುಬ್ಬಣ್ಣ ಹೇಳೋದು ಪೂರ್ತಿ ತಪ್ಪಲ್ಲ. ದುಡಿಮೆ ಮೆಷಿನ್ನಿಗೆ ನಾನೂ ಹೊಸಬರಿಗೆ ಈಗ ಹ್ಯಾಕ್ ಹೇಳುವುದಿಲ್ಲ. ಆದರೆ ನನ್ನ ಕಥೆ ಬೇರೆ. ನಮ್ಮದು ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆ ಕೆಲಸ. ಗಿರಾಕಿಗಳು ತರೋ ಫೈಲ್ ಅರ್ಧಕ್ಕರ್ಧ ನುಡಿಯ ಹಳೇ ಫಾಂಟಿನಲ್ಲೇ ಇರುತ್ತದೆ, ಯುನಿಕೋಡ್ ಅಲ್ಲ. ನುಡಿ ತಂತ್ರಾಂಶಕ್ಕೆ ವಿಂಡೋಸ್ ಬೇಕು. ಅಲ್ಲಿ ತೆರೆದು ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಎಲ್ಲೆಲ್ಲಿ ಹಾರಿದೆ ನೋಡಿ, ಆಮೇಲೆ ಮ್ಯಾಕ್‌ಗೆ ತರಬೇಕು. ಎಂ ಸರಣಿಯ ಮ್ಯಾಕ್‌ನಲ್ಲಿ ಬೂಟ್ ಕ್ಯಾಂಪ್ ಇಲ್ಲವಲ್ಲ. ಇಲ್ಲಿ ಒಂದೇ ಡಬ್ಬದಲ್ಲಿ ಎರಡೂ ಇದೆ, ಓಪನ್‌ಕೋರ್ ಮೆನುವಿನಲ್ಲಿ ಬಾಣದ ಕೀ ಒತ್ತಿದರೆ ವಿಂಡೋಸ್.

ಸೇಬು_ಸುಬ್ಬಣ್ಣ
ಪ್ಯಾರಲಲ್ಸ್ ಇದೆಯಲ್ಲ ಮೇಡಂ, ಅದರಲ್ಲಿ ವಿಂಡೋಸ್ ಓಡುತ್ತದೆ.

ಡಿಟಿಪಿ_ಅಕ್ಕ
ಅದು ಆರ್ಮ್ ವಿಂಡೋಸ್. ಅದಕ್ಕೆ ವರ್ಷವರ್ಷ ಚಂದಾ ಬೇರೆ. ನನಗೆ ಕೆಲಸ ನಡೆಯುತ್ತಿದೆ, ಬಿಡಿ.

ಅದಿರಲಿ, ನನ್ನದೂ ಒಂದು ಪ್ರಶ್ನೆ ಇದೆ. ಮ್ಯಾಕ್‌ನಿಂದ ವಿಂಡೋಸ್‌ಗೆ ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ. ಬೋರ್ಡಿನ ಸೆಲ್ ಬದಲಾಯಿಸಿದರೂ ಹಾಗೇ.

ಕರಾವಳಿ_ಕೋಡರ್
ಸರಿಯಾಗಿ ಐದೂವರೆ ಗಂಟೆ ಹಿಂದೆ ಅಲ್ವಾ ಅಕ್ಕ?

ಡಿಟಿಪಿ_ಅಕ್ಕ
ಹೌದು! ಹೇಗೆ ಗೊತ್ತಾಯಿತು?

ಕರಾವಳಿ_ಕೋಡರ್
ನಮ್ಮ ದೇಶದ ಎಲ್ಲ ಹ್ಯಾಕಿಂಟಾಷ್‌ಗೂ ಅಷ್ಟೇ. ಮ್ಯಾಕ್‌ಓಎಸ್ ಬೋರ್ಡಿನ ಗಡಿಯಾರದಲ್ಲಿ ಯುಟಿಸಿ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಅಂತ ಓದುತ್ತದೆ. ಸೆಲ್ ಪಾಪ ಏನು ಮಾಡೀತು? ವಿಂಡೋಸ್ ರಿಜಿಸ್ಟ್ರಿಯಲ್ಲಿ ಟೈಮ್ ಝೋನ್ ಇನ್ಫರ್ಮೇಶನ್ ಕೀಯ ಒಳಗೆ ರಿಯಲ್ ಟೈಮ್ ಈಸ್ ಯುನಿವರ್ಸಲ್ ಅಂತ ಒಂದು ಡಿವರ್ಡ್ ಮೌಲ್ಯ ಮಾಡಿ 1 ಕೊಡಿ. ಹೆಸರನ್ನು ಮಧ್ಯೆ ಜಾಗ ಬಿಡದೆ ಬರೆಯಬೇಕು. ರೀಸ್ಟಾರ್ಟ್ ಮಾಡಿ, ಅಷ್ಟೇ.

ಡಿಟಿಪಿ_ಅಕ್ಕ
ಸರಿಹೋಯಿತು. ಇಷ್ಟು ವರ್ಷ ಕೈಯಲ್ಲೇ ತಿದ್ದುತ್ತಿದ್ದೆ ಮಾರಾಯ.

ಕಾಯ್ದೆ_ಕಿಟ್ಟಿ
ಇದೆಲ್ಲ ಕಾನೂನಿಗೆ ವಿರುದ್ಧ ಅಲ್ವಾ? ಸುಮ್ನೆ ಕೇಳ್ತಿದ್ದೇನೆ.

ಟರ್ಮಿನಲ್_ತಾತ
ಆಪಲ್ ಬ್ರ್ಯಾಂಡಿನ ಕಂಪ್ಯೂಟರ್‌ನಲ್ಲಿ ಮಾತ್ರ ಹಾಕಬೇಕು ಅಂತ ಅವರ ಲೈಸೆನ್ಸ್‌ನಲ್ಲಿ ಬರೆದಿದೆ. ಅದನ್ನು ಮೀರಿದ ಹಾಗೇ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಅಮೆರಿಕದಲ್ಲಿ ಸೈಸ್ಟಾರ್ ಅನ್ನೋ ಕಂಪನಿ ಹೀಗೇ ಮೆಷಿನ್ ಕಟ್ಟಿ ಮಾರಲು ಹೋಗಿ, 2008ರಲ್ಲಿ ಕೇಸ್ ಹಾಕಿಸಿಕೊಂಡು, 2009ರಲ್ಲಿ ಸೋತಿತು. ಮೇಲ್ಮನವಿಯೂ 2011ರಲ್ಲಿ ಬಿದ್ದುಹೋಯಿತು. ಅದಕ್ಕೇ ಇಲ್ಲಿ ಯಾರಾದರೂ ಹ್ಯಾಕಿಂಟಾಷ್ ಮಾಡಿಕೊಡ್ತೀನಿ, ಇಷ್ಟು ದುಡ್ಡು ಅಂತ ಬರೆದರೆ ನಾನು ಮೊದಲು ಜಗಳಕ್ಕೆ ನಿಲ್ಲೋದು.

ಗೇಮರ್_ಗೋಪಿ
ಮಧ್ಯೆ ಬಂದಿದ್ದಕ್ಕೆ ಸಾರಿ. ನನ್ನ ಹತ್ತಿರ ಆರ್‌ಟಿಎಕ್ಸ್ 3060 ಇದೆ, ಸಿಕ್ವೊಯಾ ಹಾಕಬಹುದಾ?

ಸೌಂಡ್_ಸೀನ
ಇಲ್ಲ.

ಗೇಮರ್_ಗೋಪಿ
ಏನಾದರೂ ಪ್ಯಾಚ್?

ಸೌಂಡ್_ಸೀನ
ಇಲ್ಲ ಗುರು. ಎನ್‌ವಿಡಿಯಾ ವೆಬ್ ಡ್ರೈವರ್ ಹಳೇ ಆವೃತ್ತಿ ಹೈ ಸಿಯೆರಾಗೇ ನಿಂತಿತು. ಕೆಪ್ಲರ್ ಕಾಲದ ಹಳೇ ಕಾರ್ಡ್‌ಗಳು ಬಿಗ್ ಸರ್ ತನಕ ಎಳೆದವು. ಆರ್‌ಟಿಎಕ್ಸ್ ಯಾವುದಕ್ಕೂ ಡ್ರೈವರ್ ಬರಲೇ ಇಲ್ಲ. ಎಎಂಡಿ ನೋಡು. ಆರ್‌ಎಕ್ಸ್ 6600 ನೇರವಾಗಿ ನಡೆಯುತ್ತದೆ, ಬೂಟ್ ಆರ್ಗ್ಯುಮೆಂಟ್‌ನಲ್ಲಿ ಪೈಕೇರಾ ಹಾಕೋದು ಮರೆಯಬೇಡ, ಇಲ್ಲಾಂದ್ರೆ ಕಪ್ಪು ಪರದೆ. 6700 ಎಕ್ಸ್‌ಟಿ ತಗೋಬೇಡ, ನಂಬರ್ ದೊಡ್ಡದು ಅಂತ ಮೋಸ ಹೋಗ್ತೀಯಾ, ಅದಕ್ಕೆ ಆಪಲ್ ಡ್ರೈವರ್ ಇಲ್ಲ. 7000 ಸರಣಿಯೂ ಅಷ್ಟೇ.

ಹಳೇ ಆರ್‌ಎಕ್ಸ್ 580 ಕೊಳ್ಳೋದಾದರೆ ಮೊದಲು ಜಿಪಿಯು-ಝಡ್‌ನಲ್ಲಿ ಶೇಡರ್ ಎಷ್ಟಿದೆ ನೋಡು. 2304 ಇದ್ದರೆ ಒಳ್ಳೆಯದು. 2048 ಇದ್ದರೆ ಡಿವೈಸ್ ಐಡಿ ಬೇರೆ, ಸ್ಪೂಫ್ ಮಾಡಬೇಕು, ಅಂದರೆ ಬೇರೆ ಐಡಿ ತೋರಿಸಿ ನಂಬಿಸಬೇಕು. ಕ್ರಿಪ್ಟೊ ಮೈನಿಂಗ್‌ಗೆ ದುಡಿದ ಕಾರ್ಡ್ ಆದರೆ ಬಯಾಸ್ ಬದಲಾಯಿಸಿರುತ್ತಾರೆ. ನನಗೆ ಸಿಕ್ಕಿದ್ದು ಅಂಥದ್ದೇ, ಮೂಲ ಬಯಾಸ್ ಫ್ಲ್ಯಾಶ್ ಮಾಡುವ ತನಕ ಪರದೆ ಬರಲೇ ಇಲ್ಲ.

ದಾವಣಗೆರೆ_ಎಡಿಟರ್
ಕ್ಯಾಬಿನೆಟ್ ತೆಗೆದು ನೋಡಿದೆ. ಬೋರ್ಡಿನ ಕೆಳಗಿನ ಅಂಚಿನಲ್ಲಿ ಎರಡು ಯುಎಸ್‌ಬಿ 2 ಹೆಡರ್ ಇವೆ. ಒಂದಕ್ಕೆ ಬ್ಲೂಟೂತ್ ಕಾರ್ಡಿನ ಕೇಬಲ್. ಇನ್ನೊಂದಕ್ಕೆ ಒಂದು ಕಪ್ಪು ಕೇಬಲ್ ಹೋಗಿದೆ. ಅದನ್ನು ಹಿಡಿದುಕೊಂಡು ಹೋದರೆ ಮದರ್‌ಬೋರ್ಡ್ ಟ್ರೇ ಹಿಂದೆ ಸುತ್ತಿ, ಝಿಪ್ ಟೈ ಹಾಕಿ, ಕೊನೆಗೆ ಲಿಕ್ವಿಡ್ ಕೂಲರಿನ ಪಂಪಿನ ಬುಡಕ್ಕೆ ಸೇರುತ್ತದೆ. ಬಣ್ಣದ ದೀಪಕ್ಕಂತೆ. ಓಎಸ್ ಅಪ್‌ಗ್ರೇಡ್ ಮಾಡಿದ ಹೊತ್ತಿಗೇ ಅಂಗಡಿಯವರು ಈ ಕೂಲರ್ ಹಾಕಿಕೊಟ್ಟಿದ್ದರು.

ಟರ್ಮಿನಲ್_ತಾತ
ಸಿಕ್ಕಿತು ಕಳ್ಳ. ಮೆಷಿನ್ ಆಫ್ ಮಾಡಿ, ಪ್ಲಗ್ ಕಿತ್ತು, ಆ ಕೂಲರ್ ಯುಎಸ್‌ಬಿ ಕೇಬಲ್ ಒಂದನ್ನೇ ತೆಗೆದು ನೋಡಿ. ಪಂಪಿನ ಕರೆಂಟ್ ಬೇರೆ ಕೇಬಲ್‌ನಲ್ಲಿ ಬರುತ್ತದೆಯಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಪಂಪ್ ನಿಂತರೆ ಪ್ರೊಸೆಸರ್ ಬಿಸಿಯಾಗುತ್ತದೆ.

ದಾವಣಗೆರೆ_ಎಡಿಟರ್
ಪಂಪಿಗೆ ಬೇರೆ ಕೇಬಲ್ ಇದೆ. ದೀಪದ್ದು ಮಾತ್ರ ಕಿತ್ತೆ. ಸ್ಲೀಪ್ ಒತ್ತಿದೆ. ಫ್ಯಾನ್ ನಿಂತಿತು, ಊಟ ಮುಗಿಸಿ ಬಂದು ನೋಡಿದರೂ ನಿಂತೇ ಇದೆ!! ಮೌಸ್ ಒತ್ತಿದೆ, ಎದ್ದಿತು. ಆದರೆ ಬ್ಲೂಟೂತ್ ಇನ್ನೂ ಹಾಗೇ, ಎದ್ದ ಮೇಲೆ ಕೀಬೋರ್ಡ್ ಇಲ್ಲ.

ಬೂಟ್_ಲೂಪ್_ಬಸ್ಯಾ
ಹಾಗಾದರೆ ದೀಪ ಬೇಡ ಬಿಡಿ, ಮುಗೀತು.

ಗೇಮರ್_ಗೋಪಿ
ದೀಪ ಇಲ್ಲದೆ ಪಿಸಿ ಯಾಕೆ?

ಟರ್ಮಿನಲ್_ತಾತ
ಬ್ಲೂಟೂತ್ ಬಾಕಿ ಇದೆಯಲ್ಲ, ಆದ್ದರಿಂದ ಮ್ಯಾಪ್ ಮಾಡಲೇಬೇಕು. ದೀಪವೂ ವಾಪಸ್ ಬರುತ್ತದೆ. ಆ ಕೇಬಲ್ ಮತ್ತೆ ಹಾಕಿ, ವಿಂಡೋಸ್‌ಗೆ ಹೋಗಿ, ಯುಎಸ್‌ಬಿ ಟೂಲ್‌ಬಾಕ್ಸ್ ಓಡಿಸಿ. ಒಂದು ಯುಎಸ್‌ಬಿ 2 ಪೆನ್‌ಡ್ರೈವ್, ಒಂದು ಯುಎಸ್‌ಬಿ 3 ಪೆನ್‌ಡ್ರೈವ್ ತಗೊಂಡು ಮುಂದೆ ಹಿಂದೆ ಇರುವ ಪ್ರತಿ ಪೋರ್ಟ್‌ಗೂ ಎರಡನ್ನೂ ಚುಚ್ಚಿ ತೆಗೆಯಿರಿ. ಚುಚ್ಚಿದ ಹಾಗೆಲ್ಲ ಆ ಪೋರ್ಟ್ ಪರದೆಯಲ್ಲಿ ಬಣ್ಣ ಬದಲಿಸುತ್ತದೆ. ಒಳಗಿನ ಬ್ಲೂಟೂತ್ ಮತ್ತು ಕೂಲರ್ ತಾವಾಗಿಯೇ ಕಾಣುತ್ತವೆ, ಆ ಎರಡಕ್ಕೂ ಟೈಪ್ 255 ಕೊಡಿ. ಬಳಸದ ಪೋರ್ಟ್ ಬಿಟ್ಟು ಒಟ್ಟು 15ರ ಒಳಗೆ ತನ್ನಿ. ಹಿಂದಿನ ಕೀಬೋರ್ಡ್, ಮೌಸ್ ಪೋರ್ಟ್‌ಗಳಿಗೆ ಎಚ್‌ಎಸ್ ಮಾತ್ರ ಸಾಕು, ಅಲ್ಲೇ ಎರಡು ಮೂರು ಉಳಿಯುತ್ತದೆ. ಮುಂದಿನ ನೀಲಿಗೆ ಎರಡೂ ಇಡಿ, ನಿಮಗೆ ಕಾರ್ಡ್ ರೀಡರ್ ಮುಖ್ಯ.

ಅದು ಯುಟಿಬಿಮ್ಯಾಪ್ ಕೆಕ್ಸ್ಟ್ ಕೊಡುತ್ತದೆ. ಅದನ್ನೂ ಯುಎಸ್‌ಬಿ ಟೂಲ್‌ಬಾಕ್ಸ್ ಕೆಕ್ಸ್ಟನ್ನೂ ಓಪನ್‌ಕೋರ್‌ನ ಕೆಕ್ಸ್ಟ್ಸ್ ಫೋಲ್ಡರಿಗೆ ಹಾಕಿ, ಪ್ರಾಪರ್‌ಟ್ರೀಯಲ್ಲಿ (ಕಾನ್ಫಿಗ್ ತಿದ್ದುವ ತಂತ್ರಾಂಶ) ಸ್ನ್ಯಾಪ್‌ಶಾಟ್ ತೆಗೆಯಿರಿ. ಫೋಲ್ಡರಿಗೆ ಹಾಕಿ ಕಾನ್ಫಿಗ್‌ನಲ್ಲಿ ನಮೂದಿಸದಿದ್ದರೆ ಅದು ಲೋಡ್ ಆಗುವುದೇ ಇಲ್ಲ.

ಕರಾವಳಿ_ಕೋಡರ್
ಒಂದು ಸೇರಿಸುತ್ತೇನೆ. ನೇರ ಡಿಸ್ಕಿನ ಇಎಫ್‌ಐಗೆ ಹಾಕಬೇಡಿ. ಒಂದು ಫ್ಯಾಟ್32 ಪೆನ್‌ಡ್ರೈವ್‌ಗೆ ಪೂರ್ತಿ ಇಎಫ್‌ಐ ನಕಲು ಮಾಡಿ, ಬದಲಾವಣೆ ಅದರಲ್ಲಿ ಮಾಡಿ, ಅದರಿಂದಲೇ ಬೂಟ್ ಮಾಡಿ ನೋಡಿ. ಕೆಟ್ಟರೆ ಪೆನ್‌ಡ್ರೈವ್ ಕೀಳಿ, ಹಳೆಯದು ಹಾಗೇ ಇರುತ್ತದೆ. ಜಿಪಿಆರ್‌ಡಬ್ಲ್ಯು ಬಗ್ಗೆ ನಾನಿನ್ನೂ ಸೋತಿಲ್ಲ, ಕೆಲವು ಬೋರ್ಡಿಗೆ ಮ್ಯಾಪ್ ಮಾಡಿದ ಮೇಲೂ ಅದು ಬೇಕೇ ಬೇಕು.

ಟರ್ಮಿನಲ್_ತಾತ
ಮ್ಯಾಪ್ ಮಾಡಿದ ಮೇಲೆ ಅಂದಿರಲ್ಲ, ನನಗೆ ಅಷ್ಟೇ ಸಾಕು.

ದಾವಣಗೆರೆ_ಎಡಿಟರ್
ಆಯಿತು! ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಪರೀಕ್ಷೆ ಮಾಡಿದೆ, ಈಗ ಡಿಸ್ಕಿಗೂ ಹಾಕಿದ್ದೇನೆ. ಬ್ಲೂಟೂತ್ ಎಚ್‌ಎಸ್11ರಲ್ಲಿ ಇತ್ತು, ಕೂಲರ್ ಎಚ್‌ಎಸ್09ರಲ್ಲಿ. ಎರಡಕ್ಕೂ 255. ದೀಪದ ಕೇಬಲ್ ಹಾಕಿಯೇ ಇದೆ, ಮಲಗುತ್ತದೆ, ಎದ್ದ ಮೇಲೆ ಕೀಬೋರ್ಡ್ ತಾನಾಗಿ ಸೇರಿಕೊಳ್ಳುತ್ತದೆ. ಕಾರ್ಡ್ ರೀಡರ್ ವೇಗವೂ ವಿಂಡೋಸ್‌ನಷ್ಟೇ ಬರುತ್ತಿದೆ. ಹಿಂದಿನ ಎರಡು ಪೋರ್ಟ್ ಕೈಬಿಟ್ಟೆ, ಹೇಗೂ ಬಳಸುತ್ತಿರಲಿಲ್ಲ. ತಾತ, ಕೋಡರ್ ಅಣ್ಣ, ಇಬ್ಬರಿಗೂ ಥ್ಯಾಂಕ್ಸ್.

ಇನ್ನು ಟಾಹೋಗೆ ಹೋಗಲಾ, ಇಲ್ಲೇ ಇರಲಾ?

ಸೌಂಡ್_ಸೀನ
ಇಲ್ಲೇ ಇರಿ! ಟಾಹೋದಲ್ಲಿ ಆಪಲ್‌ಎಚ್‌ಡಿಎ ಅನ್ನೋ ಸೌಂಡ್ ಡ್ರೈವರ್ ತೆಗೆದುಬಿಟ್ಟಿದ್ದಾರೆ. ನಾವು ಸೌಂಡಿಗೆ ಹಾಕುವ ಆಪಲ್‌ಎಎಲ್‌ಸಿ ಕೆಕ್ಸ್ಟ್ ಅದರ ಮೇಲೇ ನಿಂತಿರೋದು, ಆದ್ದರಿಂದ ಬೋರ್ಡಿನ ಸೌಂಡ್ ಬರಲ್ಲ. ಮ್ಯಾಕ್‌ಓಎಸ್ ಇರುವ ಡಿಸ್ಕ್ ಭಾಗಕ್ಕೇ ಪ್ಯಾಚ್ ಹಾಕಬೇಕು, ಅಪ್‌ಡೇಟ್ ಬಂದಾಗಲೆಲ್ಲ ಮತ್ತೆ ಹಾಕಬೇಕು. ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಇದ್ದರೆ ಚಿಂತೆಯಿಲ್ಲ, ನಾನು ಅದರಲ್ಲೇ ಇದ್ದೇನೆ.

ಡಿಟಿಪಿ_ಅಕ್ಕ
ನಾನಂತೂ ವೆಂಚುರಾದಿಂದ ಕದಲುವುದಿಲ್ಲ.

ಸೇಬು_ಸುಬ್ಬಣ್ಣ
ಅದಕ್ಕೇ ಹೇಳಿದ್ದು, ಎಂ4...

ಮಲ್ನಾಡ್_ಬಿಟ್ಸ್
ಸುಬ್ಬಣ್ಣ, ಪ್ಲೀಸ್.

ಟರ್ಮಿನಲ್_ತಾತ
ಐಮ್ಯಾಕ್20,1 ಟಾಹೋ ಪಟ್ಟಿಯಲ್ಲಿದೆ, ಹಾಕಿದರೆ ಬೂಟ್ ಆಗುತ್ತದೆ. ಆದರೆ ಮದುವೆ ಸೀಸನ್ ಮುಗಿಯುವವರೆಗೆ ಮುಟ್ಟಬೇಡಿ. ಆಮೇಲೂ ಬೇರೆ ಡಿಸ್ಕಿಗೆ ಹಾಕಿ ನೋಡಿ, ಈ ಡಿಸ್ಕ್ ಹಾಗೇ ಇರಲಿ. ಯುಟಿಬಿಮ್ಯಾಪ್ ಫೈಲನ್ನು ಎಲ್ಲಾದರೂ ಎತ್ತಿಟ್ಟುಕೊಳ್ಳಿ. ಬೋರ್ಡ್ ಬದಲಾಗುವ ತನಕ ಅದೇ ಮ್ಯಾಪ್ ನಡೆಯುತ್ತದೆ.

ಗೇಮರ್_ಗೋಪಿ
ನನ್ನದು 12ನೇ ಜನರೇಶನ್ ಐ5, ಒಳಗೆ ಗ್ರಾಫಿಕ್ಸ್ ಇಲ್ಲದ ಎಫ್ ಮಾಡೆಲ್. 6600 ತಗೊಂಡರೆ ಆಗುತ್ತಾ?

ಟರ್ಮಿನಲ್_ತಾತ
ಆಗುತ್ತದೆ. ಸಿಪಿಯು ಐಡಿ 10ನೇ ಜನರೇಶನ್‌ನ ಕಾಮೆಟ್ ಲೇಕ್ ಅಂತ ಸ್ಪೂಫ್ ಮಾಡಬೇಕು, ಎಸ್‌ಎಂಬಯಾಸ್ ಮ್ಯಾಕ್‌ಪ್ರೊ7,1. ಉಳಿದದ್ದಕ್ಕೆ ಬೇರೆ ಚರ್ಚೆ ಶುರು ಮಾಡಿ, ಬೋರ್ಡ್ ಯಾವುದು, ಲ್ಯಾನ್ ಚಿಪ್ ಯಾವುದು ಅಂತ ಮೊದಲ ಸಾಲಲ್ಲೇ ಬರೆಯಿರಿ.